ಹೆಣ ಹೊರುವವರು ನಾವು, ಬರೆಯುವವರು ಯಾರು?

(ಅಮೃತೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಪೇಪರಿನಲ್ಲಿ ಬರುವ ಒಂದು ವಾಕ್ಯ ನಿಮಗೆಲ್ಲ ಬಾಯಿಪಾಠ ಆಗಿರಬೇಕು. ‘ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು...’ ಸತ್ತವರ ಹೆಸರು ಬೇರೆ, ಊರು ಬೇರೆ, ವಾಕ್ಯ ಮಾತ್ರ ಅದೇ. ತೋಟದಲ್ಲಿ ಸತ್ತ ಕೂಲಿಯವನಿಗೂ ಅದೇ, ಮದುವೆಯಾದ ಎರಡನೇ ವರ್ಷಕ್ಕೆ ಬಾವಿಯಲ್ಲಿ ಸಿಕ್ಕ ಹೆಣ್ಣುಮಗಳಿಗೂ ಅದೇ. ಇಷ್ಟು ಜನ ಬಡವರಿಗೆ ಒಂದೇ ಹೊಟ್ಟೆನೋವು ಹೇಗೆ ಬಂತು ಅಂತ ನಾವು ಯಾವತ್ತಾದರೂ ಕೇಳಿದ್ದೇವಾ?

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡು ಶುರು ಮಾಡುತ್ತೇವೆ. ಊರ ಹೆಸರು, ಆಸ್ಪತ್ರೆಯ ಹೆಸರು ಬೇಡ. ನಮ್ಮ ಕೇರಿಯ ಒಬ್ಬ ಅಣ್ಣ ತೆಂಗಿನ ತೋಟದ ಪಂಪ್‌ಹೌಸಿನಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ. ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಎದ್ದ. ರೆಪ್ಪೆ ಮೇಲಕ್ಕೆ ಎತ್ತಲಾರದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದವು, ಮಾತು ತೊದಲುತ್ತಿತ್ತು. ‘ರಾತ್ರಿ ಕುಡಿದಿದ್ದಾನೆ’ ಅಂದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರು ನಿಂತಿತ್ತು. ‘ಪೋಸ್ಟ್‌ಮಾರ್ಟಂ ಅಂದ್ರೆ ಎರಡು ದಿನ ಅಲೀಬೇಕು, ಹೆಣ ಯಾಕೆ ಕೊಯ್ಸೀರಿ, ಸಂಜೆಯೊಳಗೆ ಮಣ್ಣು ಮಾಡಿ’ ಅಂತ ದೊಡ್ಡವರು ಅಂದರು. ನಾವು ಕಾಲೇಜು ಓದಿದ ಹುಡುಗರು, ಹೆಗಲು ಕೊಟ್ಟು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದೆವು.

ಎಷ್ಟೋ ದಿನದ ಮೇಲೆ ಒಂದು ವಿಷಯ ತಿಳಿಯಿತು. ಕಟ್ಟುಹಾವು ಕಚ್ಚಿದರೆ ನೋವೇ ಆಗದಿರಬಹುದು, ಗಾಯದ ಗುರುತೂ ಕಾಣದಿರಬಹುದು. ನೆಲದ ಮೇಲೆ ಮಲಗಿದವರನ್ನು ಅದು ನಿದ್ದೆಯಲ್ಲೇ ಕಚ್ಚುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ಜೋತುಬೀಳುವ ರೆಪ್ಪೆ, ತೊದಲುವ ನಾಲಿಗೆ, ಕೊನೆಗೆ ನಿಲ್ಲುವ ಉಸಿರು. ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಅದಕ್ಕೆ ಇಂಜೆಕ್ಷನ್ ಇದೆ. ನಮ್ಮ ಅಣ್ಣನಿಗೆ ಆದದ್ದು ಅದೇನಾ? ವಿಷ ಕುಡಿದಿದ್ದನಾ? ಯಾರಾದರೂ ಕುಡಿಸಿದರಾ? ಇನ್ನು ಯಾರಿಗೂ ಹೇಳಲಿಕ್ಕೆ ಆಗೋದಿಲ್ಲ. ರೆಪ್ಪೆ ಜೋತುಬಿದ್ದದ್ದನ್ನು ಕಂಡವರು ಹತ್ತು ಜನ, ಬರೆದವರು ಒಬ್ಬರೂ ಇಲ್ಲ.

ಎಲ್ಲ ಸಾವೂ ಕೊಲೆ ಅಂತ ನಾವು ಹೇಳುತ್ತಿಲ್ಲ. ಹಾವಾದರೆ ಹಾವು ಅಂತ ಬರೆಯಲಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೇ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಘೋಷಿಸಿತು. ನಾವು ಕೇಳುವುದು ಒಂದೇ: ಬಡವನ ಸಾವಿಗೂ ಒಂದು ನಿಜವಾದ ಕಾರಣ ಇರುತ್ತದೆ, ಅದನ್ನು ಹುಡುಕಿ ಬರೆಯಿರಿ.

ಹೆಣಕ್ಕೂ ನಮಗೂ ಹಳೇ ಸಂಬಂಧ. ಊರಿಗೆಲ್ಲ ಸಾವಿನ ಸುದ್ದಿ ಮುಟ್ಟಿಸುತ್ತಿದ್ದವರು ನಾವು. ತಮಟೆ ಬಡಿದವರು, ಗುಂಡಿ ತೋಡಿದವರು ನಾವು. ಎಷ್ಟೋ ಆಸ್ಪತ್ರೆಯ ಶವಾಗಾರದಲ್ಲಿ ಮೂಗು ಮುಚ್ಚಿಕೊಳ್ಳದೆ ಹೆಣ ಕೊಯ್ಯುವವನೂ ನಮ್ಮವನೇ. ಬರೆಯುವ ಪೆನ್ನು ಮಾತ್ರ ನಮ್ಮ ಕೈಗೆ ಬರಲಿಲ್ಲ.

ಆ ಪೆನ್ನು ಯಾರ ಕೈಯಲ್ಲಿರಬಹುದು? ಡಾಕ್ಟರು, ಪೊಲೀಸರು ಸರಿ. ಆದರೆ ಅವರಿಗಿಂತ ಮೊದಲು ಆ ಮೈಯನ್ನು ಮುಟ್ಟುವವರು ಇನ್ನೊಬ್ಬರಿದ್ದಾರೆ, ನರ್ಸಮ್ಮ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 1970ರ ದಶಕದಲ್ಲೇ ಡಾ. ಜಾನ್ ಬಟ್ ಎಂಬ ವೈದ್ಯಾಧಿಕಾರಿ ಹಠಾತ್ ಸಾವುಗಳ ತನಿಖೆಗೆ ನರ್ಸುಗಳನ್ನು ನೇಮಿಸಿದರು. ಅವರಿಗೆ ಕಾಯಿಲೆಯೂ ಗೊತ್ತು, ಔಷಧಿಯೂ ಗೊತ್ತು, ಅಳುವ ತಾಯಿಯ ಹತ್ತಿರ ಕೂತು ಮಾತಾಡಲಿಕ್ಕೂ ಗೊತ್ತು. 1992ರಲ್ಲಿ ಅಮೆರಿಕದಲ್ಲಿ ಇಂಥ ನರ್ಸುಗಳು ತಮ್ಮದೇ ಸಂಘ ಕಟ್ಟಿಕೊಂಡರು. ಫೊರೆನ್ಸಿಕ್ ನರ್ಸ್ ಅಂತ ಅವರ ಹೆಸರು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬದಲಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಈ ವಿಷಯವೂ ಸೇರಿದೆ. ಈ ಹಾಸ್ಟೆಲಿನಿಂದ ನರ್ಸಿಂಗ್ ಓದಲಿಕ್ಕೆ ಹೋಗುವ ತಂಗಿಯರು ಇದನ್ನು ಕಿವಿಗೊಟ್ಟು ಕೇಳಬೇಕು.

ಆ ನರ್ಸು ಏನು ಮಾಡುತ್ತಾಳೆ? ಸಾವಿನ ಕಾರಣ ತೀರ್ಮಾನಿಸುವುದು ಅವಳ ಕೆಲಸ ಅಲ್ಲ, ಅದು ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರದು. ಕಾರಣ ಸಿಗುವ ದಾರಿ ಅಳಿಸಿಹೋಗದ ಹಾಗೆ ಕಾಯುವುದು ಅವಳ ಕೆಲಸ. ಎಷ್ಟು ಗಂಟೆಗೆ ತಂದರು, ಯಾರು ತಂದರು, ಬಂದವರು ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ಬರೆಯುತ್ತಾಳೆ. ಎಲ್ಲಿ ಮಲಗಿದ್ದ, ಕೊನೆಗೆ ಏನು ಉಂಡ ಅಂತ ಕೇಳುತ್ತಾಳೆ. ವಿಷ ಕುಡಿದವನ ಹೊಟ್ಟೆ ತೊಳೆದ ನೀರನ್ನು ಮೋರಿಗೆ ಚೆಲ್ಲದೆ ಬಾಟಲಿಯಲ್ಲಿ ಹಿಡಿದಿಡುತ್ತಾಳೆ. ಅಂಗಿ ಬಿಚ್ಚುವಾಗ ಇರಿತದ ತೂತಿನ ಮೇಲೆ ಕತ್ತರಿ ಆಡಿಸುವುದಿಲ್ಲ. ರಕ್ತ ಹತ್ತಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕುತ್ತಾಳೆ, ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಬೂಸ್ಟು ಹಿಡಿದು ಕೆಡುತ್ತದೆ. ಕೈ ತೊಳೆಸುವುದಿಲ್ಲ, ಉಗುರಿನ ಸಂದಿಯಲ್ಲಿ ಬಡಿದಾಡಿದವನ ಚರ್ಮ ಸಿಕ್ಕಿರಬಹುದು. ಯಾವ ವಸ್ತುವನ್ನು ಯಾರಿಗೆ, ಎಷ್ಟು ಗಂಟೆಗೆ ಕೊಟ್ಟೆ ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತಾಳೆ. ಇದಕ್ಕೆ ದೊಡ್ಡ ಮಿಷನ್ನು ಬೇಡ. ಒಂದು ಪುಸ್ತಕ, ಒಂದು ಪೆನ್ನು, ಸತ್ತವನೂ ಮನುಷ್ಯ ಎಂಬ ಮನಸ್ಸು, ಇಷ್ಟಿದ್ದರೆ ಸಾಕು.

ಬರೆದದ್ದಕ್ಕೆ ಎಷ್ಟು ಬೆಲೆ ಅಂತ ನಮ್ಮ ನಾಡಿನ ಕೋರ್ಟುಗಳೇ ಹೇಳುತ್ತವೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ನಮ್ಮದೇ ಜಿಲ್ಲೆಯ ಗೋಪಾಲಪುರದಲ್ಲಿ 2010ರಲ್ಲಿ ಒಬ್ಬ ದಲಿತ ಹೆಂಗಸನ್ನು ಕೊಂದರು. 2024ರ ನವೆಂಬರಿನಲ್ಲಿ ತುಮಕೂರಿನ ನ್ಯಾಯಾಲಯ 21 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಡುವೆ ಹದಿನಾಲ್ಕು ವರ್ಷ! ಅಷ್ಟು ವರ್ಷದಲ್ಲಿ ಕೂಲಿ ಮಾಡಿ ತಿನ್ನುವ ಸಾಕ್ಷಿಯ ಬಾಯನ್ನು ಹೆದರಿಸಿ ಕಟ್ಟಬಹುದು, ಸಾಲ ಕೊಟ್ಟು ಕಟ್ಟಬಹುದು. ಮೊದಲ ದಿನವೇ ಅಳತೆ ಮಾಡಿ ಬರೆದಿಟ್ಟ ಗಾಯವನ್ನು ಹಾಗೆ ಹೆದರಿಸಲಿಕ್ಕಾಗದು.

ಇನ್ನು ಕಾನೂನು. 2024ರ ಜುಲೈ 1ರಿಂದ ಹಳೇ ಸಿ.ಆರ್.ಪಿ.ಸಿ. ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೇ 174ನೇ ಕಲಮು ಈಗ 194. ಅನುಮಾನದ ಸಾವಾದರೆ ಪೊಲೀಸರು ಸ್ಥಳಕ್ಕೆ ಬಂದು, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಎದುರಿಗೆ ಶವ ಮಹಜರು ಮಾಡಬೇಕು. ಮೈಮೇಲಿನ ಗಾಯ, ಮುರಿತ, ಬಾಸುಂಡೆ ಎಲ್ಲ ಬರೆಯಬೇಕು. ಸಾವಿನ ಕಾರಣದಲ್ಲಿ ಅನುಮಾನ ಇದ್ದರೆ ಹೆಣವನ್ನು ಪೋಸ್ಟ್‌ಮಾರ್ಟಂಗೆ ಕಳಿಸಬೇಕು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೂ ಕಳಿಸಬೇಕು, ಅನುಮಾನ ಬರುವ ಹಾಗೆ ಸತ್ತರೂ ಕಳಿಸಬೇಕು.

‘ಗೌರವಸ್ಥರು’ ಎಂಬ ಮಾತನ್ನು ಗಮನಿಸಿ. ಇಷ್ಟು ದಿನ ಅದು ಕೇರಿಯನ್ನು ದಾಟಿಕೊಂಡು ಊರೊಳಗಿನ ಜಗಲಿಗೆ ಹೋಗಿ ಕೂರುತ್ತಿತ್ತು. ಇಲ್ಲಿ ಕೂತಿರುವ ನೀವೇನು ಗೌರವಸ್ಥರಲ್ಲವಾ? ಮುಂದೆ ಬಂದು ‘ನಾವು ಪಂಚರಾಗುತ್ತೇವೆ’ ಅನ್ನಿ. ಪೂರ್ತಿ ಓದಿ, ಒಪ್ಪಿದರೆ ಮಾತ್ರ ಸಹಿ ಹಾಕಿ. ಒಪ್ಪಿದವರು ಸಹಿ ಹಾಕಬೇಕು ಅಂತಲೇ ಕಾನೂನು ಹೇಳುತ್ತದೆ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿದ ಕಾಲ ನಮ್ಮ ಅಪ್ಪಂದಿರ ಜೊತೆಗೇ ಮುಗಿಯಲಿ.

ಹಠಾತ್ ಸಾವಾದ ಮನೆಗೆ ಹೋದಾಗ ಇಷ್ಟು ಮಾಡಿ. ಹೆಣ ತೊಳೆಯಲು ಬಿಡಬೇಡಿ. ಬಾಟಲಿ, ಲೋಟ, ಹಗ್ಗ ಇದ್ದಲ್ಲೇ ಇರಲಿ. ಕಂಡದ್ದನ್ನು, ಹೊತ್ತನ್ನು ಅಲ್ಲೇ ಬರೆದುಕೊಳ್ಳಿ. ಅನುಮಾನ ಇದ್ದರೆ ಠಾಣೆಗೆ ಬರವಣಿಗೆಯಲ್ಲೇ ದೂರು ಕೊಡಿ, ಎಫ್.ಐ.ಆರ್. ಆದರೆ ಅದರ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಸಂಜೆಯೊಳಗೆ ಸುಟ್ಟುಬಿಡಿ ಅಂದರೆ ಒಪ್ಪಬೇಡಿ. ಮಣ್ಣು ಮಾಡಿದ ಹೆಣವನ್ನು ಮ್ಯಾಜಿಸ್ಟ್ರೇಟರ ಆದೇಶದಿಂದ ಮತ್ತೆ ತೆಗೆಸಿ ನೋಡಬಹುದು, ಬೂದಿಯನ್ನು ಆಗದು. ಹೆತ್ತವರಿಗೆ ಮಾತ್ರ ಮೆತ್ತಗೆ ಹೇಳಿ. ‘ಅಮ್ಮಾ, ಕೊಯ್ಯೋದು ಅವಮಾನ ಅಲ್ಲ, ನಿನ್ನ ಮಗ ಹೇಗೆ ಹೋದ ಅಂತ ತಿಳೀಬೇಕಲ್ಲ’ ಅಂತ ಕೈ ಹಿಡಿದು ಹೇಳಿ.

ಆವತ್ತು ನಮ್ಮ ಅಣ್ಣನ ತಾಯಿ ನಮ್ಮನ್ನು ಕೇಳಿದ್ದು ಒಂದೇ ಮಾತು: ‘ಓದಿದೋರು ನೀವು, ನನ್ ಮಗಂಗೆ ಏನಾಯ್ತಪ್ಪಾ?’ ನಮ್ಮಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಾಳೆ ನಿಮ್ಮನ್ನು ಒಬ್ಬ ತಾಯಿ ಕೇಳುತ್ತಾಳೆ. ಆಗ ನಿಮ್ಮ ಕೈಯಲ್ಲಿ ಬರೆದ ಕಾಗದ ಇರಲಿ.

ಜೈ ಭೀಮ್.