ನಂದಿಬೆಟ್ಟದ ಎತ್ತರ: ಒಂದು ವ್ಯಾಜ್ಯ

ಭಾನುವಾರದ ಬೆಳಗಿನ ಜಾವದಲ್ಲಿ ಬೆಂಗಳೂರಿನಿಂದ ಸೈಕಲ್ಲೇರಿ ಹೊರಟು, ನಂದಿಬೆಟ್ಟದ ತಿರುವುಗಳನ್ನೆಲ್ಲ ಏದುಸಿರಿನಿಂದ ದಾಟಿ, ನೆತ್ತಿಯನ್ನು ಮುಟ್ಟಿದೊಡನೆ ಉದಯಸೂರ್ಯನಿಗೆ ಬೆನ್ನುಗೊಟ್ಟು ಮಣಿಕಟ್ಟಿನ ಗಡಿಯಾರವನ್ನು ನೋಡಿಕೊಳ್ಳುವ ತರುಣರನ್ನು ತಾವು ಕಂಡಿರಬಹುದು. ಅಂಥ ಇಬ್ಬರು ಗೆಳೆಯರ ವ್ಯಾಜ್ಯಕ್ಕೆ ಈಚೆಗೆ ನಾನು ಪಂಚನಾಗಬೇಕಾಯಿತು. ಒಬ್ಬನ ಗಡಿಯಾರ, ಪುಸ್ತಕಗಳು ಹೇಳುವಂತೆಯೇ, ಬೆಟ್ಟದ ಎತ್ತರ 1,478 ಮೀಟರೆಂದಿತು. ಇನ್ನೊಬ್ಬನ ಮೊಬೈಲು 1,390 ಎಂದಿತು. ಒಂದೇ ಬಂಡೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ನಿಂತವರ ನಡುವೆ ಇಪ್ಪತ್ತೈದು ಮಹಡಿಗಳಿಗೂ ಮಿಗಿಲಾದ ಅಂತರ!

ಈ ಎರಡೂ ಯಂತ್ರಗಳು ನೆಚ್ಚುವ ಜಿಪಿಎಸ್ ಎಂಬ ವ್ಯವಸ್ಥೆಯಲ್ಲಿ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಕಾಲಸೂಚನೆಗಳನ್ನು ಸಾರುತ್ತಿರುವುವು. ಆ ಸೂಚನೆ ತಲಪಲು ಹಿಡಿದ ಕಾಲದಿಂದ ದೂರವನ್ನು ಗಣಿಸಿ, ಕನಿಷ್ಠ ನಾಲ್ಕು ಉಪಗ್ರಹಗಳ ಸಾಕ್ಷ್ಯವನ್ನು ಹೊಂದಿಸಿ, ಯಂತ್ರವು ತಾನಿರುವ ತಾಣವನ್ನು ನಿರ್ಣಯಿಸುತ್ತದೆ. ಸಾಕ್ಷಿಗಳೆಲ್ಲರೂ ಮೇಲುಗಡೆಯೇ ಇದ್ದು, ನೆಲದಡಿಯಿಂದ ನುಡಿಯುವವರು ಒಬ್ಬರೂ ಇಲ್ಲದ ಕಾರಣ, ಅಕ್ಕಪಕ್ಕದ ಸ್ಥಾನಕ್ಕಿಂತ ಎತ್ತರದ ನಿರ್ಣಯದಲ್ಲಿ ದೋಷ ಅಧಿಕ. ಆದರೆ ನಮ್ಮ ವ್ಯಾಜ್ಯದ ಮೂಲ ಬೇರೆ. ಎತ್ತರವೆಂದರೆ ಎಲ್ಲಿಂದ ಎತ್ತರ?

ಸಮುದ್ರಮಟ್ಟದಿಂದ ಎಂದು ನಾವು ಶಾಲೆಯಲ್ಲಿ ಕಲಿತೆವು. ಉಪಗ್ರಹಗಳ ಗಣಿತಕ್ಕಾದರೋ ಸಮುದ್ರದ ಗೊಡವೆಯಿಲ್ಲ. ಧ್ರುವಗಳಲ್ಲಿ ತುಸು ಅದುಮಿದ, ನುಣುಪಾದ ಕಲ್ಪಿತ ಗೋಳವೊಂದರ ಮೇಲ್ಮೈಯೇ ಅದಕ್ಕೆ ಆಧಾರ. ನಿಜವಾದ ಕಡಲು ಅಷ್ಟು ಸಮನಾಗಿಲ್ಲ. ಗುರುತ್ವಾಕರ್ಷಣೆ ಕ್ಷೀಣವಾದ ಎಡೆಗಳಲ್ಲಿ ಅದು ತಗ್ಗಿ ನಿಲ್ಲುತ್ತದೆ. ಅಂಥ ತಗ್ಗುಗಳಲ್ಲೆಲ್ಲ ಅತ್ಯಂತ ಆಳವಾದದ್ದು, ಆ ಗೋಳಕ್ಕಿಂತ 106 ಮೀಟರುಗಳಷ್ಟು ಕೆಳಗಿರತಕ್ಕದ್ದು, ನಮ್ಮ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ. ಆ ತಗ್ಗಿನ ಅಂಚು ನಮ್ಮ ನೆಲದಡಿಗೂ ಚಾಚಿರುವುದರಿಂದ ಬೆಂಗಳೂರಿನ ಸೀಮೆಯಲ್ಲಿ ವ್ಯತ್ಯಾಸ ಸುಮಾರು 85 ಮೀಟರ್. ಮೊದಲನೆಯವನ ಗಡಿಯಾರ ಈ ತಿದ್ದುಪಡಿಯನ್ನು ಮಾಡಿ ಹೇಳಿತ್ತು; ಎರಡನೆಯವನ ಮೊಬೈಲಿನ ಆ್ಯಪು ಗೋಳದ ಲೆಕ್ಕವನ್ನೇ ಹಸಿಯಾಗಿ ಒಪ್ಪಿಸಿತ್ತು. ಸುಳ್ಳಾಡಿದವರು ಯಾರೂ ಇಲ್ಲ.

ಅಳತೆಗೆ ತಿದ್ದುಪಡಿ ಬೇಕಾಗುವುದು ಹೊಸದೇನಲ್ಲ. 1802ರ ಏಪ್ರಿಲಿನಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ನನು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ನೂರಡಿಯ ಉಕ್ಕಿನ ಸರಪಳಿ ಹಿಡಿದು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯತೊಡಗಿದಾಗ, ಬಿಸಿಲಿಗೆ ಸರಪಳಿ ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಲು ಉಷ್ಣಮಾಪಕಗಳನ್ನು ಜೊತೆಗಿರಿಸಿಕೊಂಡಿದ್ದನು. ಆತನ ಲೆಕ್ಕದ ಪುಸ್ತಕದಲ್ಲಿ ತಿದ್ದುಪಡಿಗಳು ಕಣ್ಣಿಗೆ ಕಾಣುತ್ತಿದ್ದುವು. ನಮ್ಮ ಗಡಿಯಾರ ಅವನ್ನು ಹೊಟ್ಟೆಯೊಳಗೆ ಅಡಗಿಸಿಕೊಂಡು ಮುಖದ ಮೇಲೆ ಅಂಕಿಯೊಂದನ್ನು ಮಾತ್ರ ತೋರುತ್ತದೆ. ಇದು ನನಗೆ ಅಷ್ಟಾಗಿ ರುಚಿಸದು.

ಒಂದು ಸಮಾಧಾನವುಂಟು. ಬೆಟ್ಟದ ಬುಡದಲ್ಲೂ ಎಂಬತ್ತೈದು ಕಡಿಮೆ, ನೆತ್ತಿಯಲ್ಲೂ ಅಷ್ಟೇ ಕಡಿಮೆಯಾದ್ದರಿಂದ ಹತ್ತಿದ ಲೆಕ್ಕಕ್ಕೆ ಬಾಧೆಯಿಲ್ಲವಷ್ಟೆ. ಅಲ್ಲಿ ತೊಡಕು ಇನ್ನೊಂದು ಬಗೆಯದು: ಕ್ಷಣಕ್ಷಣಕ್ಕೂ ಒಂದೆರಡು ಮೀಟರು ಹೊಯ್ದಾಡುವ ಅಂಕಿಯಲ್ಲಿ ಏರಿದ್ದನ್ನೆಲ್ಲ ಕೂಡಿಸುತ್ತ ಹೋದರೆ ನಂದಿಯು ಹಿಮಾಲಯದ ಶಿಖರವಾಗಿಬಿಡುವುದು. ಆದಕಾರಣ ಸಣ್ಣ ಏರಿಳಿತಗಳನ್ನು ಯಂತ್ರ ತಳ್ಳಿಹಾಕುತ್ತದೆ. ಸಣ್ಣದು ಎಂದರೆ ಎಷ್ಟೆಂಬುದನ್ನು ಒಬ್ಬೊಬ್ಬ ತಯಾರಕನು ಒಂದೊಂದು ರೀತಿಯಲ್ಲಿ ನಿಶ್ಚಯಿಸುತ್ತಾನೆ. ವಾಯುಭಾರಮಾಪಕವುಳ್ಳ ಗಡಿಯಾರಗಳು ಇದರಲ್ಲಿ ಮೇಲು. ಎಂಟೊಂಬತ್ತು ಮೀಟರು ಏರಿದರೆ ಗಾಳಿಯ ಒತ್ತಡ ಸುಮಾರು ಒಂದು ಮಿಲಿಬಾರಿನಷ್ಟು ಇಳಿಯುವುದನ್ನು ಅವು ಗ್ರಹಿಸಬಲ್ಲವು. ಆದರೆ ಮಳೆಗೆ ಮುನ್ನ ಒತ್ತಡ ತಾನಾಗಿ ಇಳಿದುದಾದರೆ, ಮಂಟಪದಲ್ಲಿ ಕಡಲೆಕಾಯಿ ತಿನ್ನುತ್ತ ಕುಳಿತವನೂ ಪರ್ವತಾರೋಹಣ ಮಾಡಿದಂತೆ ದಾಖಲಾಗುವನು.

ಇಷ್ಟನ್ನೂ ಸಾವಧಾನವಾಗಿ ಕೇಳಿದ ಎರಡನೆಯ ಗೆಳೆಯನು ತನ್ನ 1,390ಕ್ಕೆ 85ನ್ನು ಕೂಡಿಸಿ, "ಇನ್ನೂ ಮೂರು ಮೀಟರ್ ಬಾಕಿ ಇದೆಯಲ್ಲ, ಸಾರ್?" ಎಂದನು. ಜಿಪಿಎಸ್ಸಿನ ಎತ್ತರದಲ್ಲಿ ಮೂರು ಮೀಟರ್ ಲೆಕ್ಕಕ್ಕೇ ಇಲ್ಲವೆಂದೆ. ಆತನು ಒಪ್ಪಲಿಲ್ಲ, ಪಕ್ಕದ ಬಂಡೆಯನ್ನೇರಿ, ಮೊಬೈಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತನು.