ಜೀಪಿನಲ್ಲಿ ಇನ್ನೊಂದು ಸೀಟು

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿದೆ. ದೊಡ್ಡಾಟವನ್ನು ಪುಸ್ತಕದಿಂದಷ್ಟೇ ಕಲಿಯಲಾಗದು, ಗೆಜ್ಜೆ ಕಟ್ಟಿದವರ ಹತ್ತಿರ ಹೋಗಲೇಬೇಕು. ಇದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನಗರ ಯೋಜನೆ ಓದುವ ಮಕ್ಕಳ ಮಾತೂ ಅಷ್ಟೇ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಕರಡು ಮಾಸ್ಟರ್ ಪ್ಲಾನ್ ಪ್ರಕಟವಾದ ಮೇಲೆ ಜನ ಅಭಿಪ್ರಾಯ ತಿಳಿಸಲು 60 ದಿನ ಅವಕಾಶ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬಂತು, ಬಿಡಿ. ಆದರೆ ಪಹಣಿ ಹಿಡಿದು ಬಂದ ರೈತ, ‘ಸಾಹೇಬ್ರ, ನಿಮ್ಮ ರಸ್ತಾ ನಮ್ಮ ಬಾವಿ ಮ್ಯಾಲ ಹೊಂಟೈತಲ್ರಿ’ ಅಂದರೆ ಏನು ಉತ್ತರ? ಅದು ಯೋಜನಾ ಕಚೇರಿಯ ಮೇಜಿನ ಮುಂದೆ ವರ್ಷಗಟ್ಟಲೆ ಕೂತವರಿಗೇ ಗೊತ್ತು.

ಯೋಜಕರೇ, ಮುಂದಿನ ಸಲ ಸ್ಥಳ ಪರಿಶೀಲನೆಗೆ ಹೊರಟಾಗ ಒಬ್ಬ ವಿದ್ಯಾರ್ಥಿಯನ್ನೂ ಜೀಪು ಹತ್ತಿಸಿಕೊಳ್ಳಿ.