ಮಿಜಾರಿನ ಬೈಲೂ ಕೆಳಗಿನೂರಿನ ನೆರೆಯೂ

(ಮಿಜಾರಿನ ಕೃಷಿಕರ ಮುಂದೆ ಆಡಿದ ಮಾತುಗಳ ಬರಹರೂಪ)



ನಮ್ಮ ಜಿಲ್ಲೆಯಲ್ಲಿ ನೆರೆ ಎಂದ ಕೂಡಲೇ ಬಾಯಿಗೆ ಬರುವ ಹೆಸರು ಬಂಟ್ವಾಳದ್ದು. 1923ರ ನೆರೆ, 1974ರ ನೆರೆ ಎಂದು ಹಿರಿಯರು ತಮ್ಮ ವಯಸ್ಸನ್ನೂ ಆ ಲೆಕ್ಕದಲ್ಲೇ ಹೇಳುತ್ತಿದ್ದುದುಂಟು. ನೇತ್ರಾವತಿಯ ದಡದಲ್ಲಿ ದೋಣಿ ವ್ಯಾಪಾರದಿಂದ ಬೆಳೆದ ಪೇಟೆ ಅದು. ಮಿಜಾರಿಗೆ ಅಂಥ ದೊಡ್ಡ ಹೊಳೆಯ ಭಯವಿಲ್ಲ. ಇಲ್ಲಿರುವುದು ಗುಡ್ಡ, ಗುಡ್ಡದ ಬುಡದಲ್ಲಿ ಬೈಲು, ಬೈಲಿನ ನಡುವೆ ತೋಡು. ಹಾಗಿರುವಾಗ ತೆಂಕಮಿಜಾರು, ಬಡಗಮಿಜಾರಿನವರಿಗೆ ನೆರೆಯ ಮಾತೇಕೆ ಎಂದು ನೀವು ಕೇಳಬಹುದು.

ನೆರೆ ಕಾಣಿಸಿಕೊಳ್ಳುವುದು ಕೆಳಗೆ, ಹೊಳೆಯಲ್ಲಿ. ಅದಕ್ಕೆ ನೀರು ಕೂಡುವುದು ಇಂಥ ಮೇಲಿನ ಊರುಗಳಲ್ಲಿ. ಮಿಜಾರಿನ ಗುಡ್ಡಗಳ ಕಡೆ ಹುಟ್ಟುವ ನಂದಿನಿಯೇ ಕಟೀಲಿನಲ್ಲಿ ದೇವಸ್ಥಾನವನ್ನು ಬಳಸಿ ಹರಿದು, ಮೂಲ್ಕಿಯ ಬಳಿ ಶಾಂಭವಿಯೊಡನೆ ಕಡಲು ಸೇರುತ್ತಾಳೆ. ಇಲ್ಲಿ ಅರ್ಧ ದಿನ ನಿಂತು ಹೋಗಬೇಕಾದ ನೀರು ಒಂದು ಗಂಟೆಯಲ್ಲಿ ಇಳಿದರೆ ಕೆಳಗಿನವರ ಗದ್ದೆ ಮುಳುಗುತ್ತದೆ, ಚಳಿಗಾಲ ಮುಗಿಯುವಷ್ಟರಲ್ಲಿ ನಮ್ಮ ಬಾವಿ ಬತ್ತುತ್ತದೆ.

ಹಿಂದಿನವರು ಸಾಗುವಳಿ ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದರು. ಬೆಟ್ಟಿನಲ್ಲಿ ಮಳೆ ನಂಬಿದ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಅದರ ಬೆನ್ನಿಗೆ ಸುಗ್ಗಿ. ಬೈಲಿನಲ್ಲಿ ಕೊಳಕೆಯೂ ಸೇರಿ ಮೂರು. ಇದು ಬೆಳೆಯ ಲೆಕ್ಕವಾದಷ್ಟೇ ನೀರಿನ ಲೆಕ್ಕವೂ ಆಗಿತ್ತು. ಈ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಒಂದು ದಿನ 100 ಮಿಲಿಮೀಟರ್ ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಅಷ್ಟು ಮಳೆ ಒಂದು ಎಕರೆಯ ಮೇಲೆ ಬಿದ್ದರೆ 4 ಲಕ್ಷ ಲೀಟರ್ ನೀರು. 10,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 40 ಟ್ಯಾಂಕರ್! ನಾಟಿಯಾದ ಗದ್ದೆಯಲ್ಲಿ ಮೊದಲೇ ನೀರಿರುತ್ತದೆ, ಆದ್ದರಿಂದ ಪೂರ್ತಿ ಹಿಡಿಯಲಾರದು ಎನ್ನಿ. ಗೇಣೆತ್ತರದ ಹುಣಿ ಅದರಲ್ಲಿ ಅರ್ಧವನ್ನು ತಡೆದರೂ ಎಕರೆಗೆ 20 ಟ್ಯಾಂಕರ್ ಆಯಿತು. ನೂರು ಎಕರೆಯ ಬೈಲಿಗೆ ನೀವೇ ಗುಣಿಸಿ ನೋಡಿ. ಸಿಮೆಂಟಿಲ್ಲದೆ ಇಷ್ಟು ದೊಡ್ಡ ಅಣೆಕಟ್ಟು ಕಟ್ಟಿದ ಎಂಜಿನಿಯರಿಗೆ ನಾವು ಬಿಲ್ಲು ಪಾವತಿಸಿಲ್ಲ.

ಈಗ ಭತ್ತ ಗಿಟ್ಟುವುದಿಲ್ಲ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿಗೆ ಅಕ್ಕಿಯ ಬೆಲೆ ಸಾಲದು. ಮನೆಯ ಖರ್ಚನ್ನು ಹಿಂದೆ ಬೀಡಿ, ಆಮೇಲೆ ಮುಂಬೈ, ಕೊಲ್ಲಿಯ ದುಡ್ಡು ನೋಡಿಕೊಂಡಿತು. ಹೊಲದ ಮೇಲೆ ಉಳಿದ ಆಸೆಯೆಲ್ಲ ಅಡಿಕೆಗೆ ಹೋಯಿತು. ಅಡಿಕೆ ಇಟ್ಟವರನ್ನು ನಾನು ದೂರುವುದಿಲ್ಲ; ಮಕ್ಕಳ ಫೀಸು ಕಟ್ಟಬೇಕಾದವರು ಅವರು. ಆದರೆ ಒಂದು ಸಂಗತಿ ಗಮನಿಸಿ. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಆದ್ದರಿಂದ ಗದ್ದೆಗೆ ಮಣ್ಣು ಏರಿಸಿ, ಬಸಿಗಾಲುವೆ ತೆಗೆದು, ನೀರನ್ನು ಆದಷ್ಟು ಬೇಗ ತೋಡಿಗೆ ಕಳಿಸುತ್ತೇವೆ. ನೀರು ಹಿಡಿಯುತ್ತಿದ್ದ ಅದೇ ಎಕರೆ ಈಗ ನೀರು ದೂಡುತ್ತದೆ. ತೋಡು ಮಾತ್ರ ಅಜ್ಜನ ಕಾಲದ್ದೇ, ಅದರಲ್ಲೂ ಅರ್ಧ ಹೂಳು. (ಅಂದಹಾಗೆ, 2020ರಲ್ಲಿ ಶ್ರೀನಿವಾಸ ಗೌಡರ ಕಂಬಳದ ಓಟದಿಂದ ಮಿಜಾರಿನ ಹೆಸರು ಜಗತ್ತಿಗೇ ತಿಳಿಯಿತು. ಕಂಬಳದ ಹುಟ್ಟು ಕೆಸರುಗದ್ದೆಯಲ್ಲಿ ಎಂಬುದನ್ನು ಆ ಸಂಭ್ರಮದಲ್ಲಿ ನೆನೆದವರು ಕಡಿಮೆ.)

ತೋಡು ಹೂಳು ತುಂಬಿದ್ದೇಕೆ? ಗುತ್ತಿನ ಯಜಮಾನಿಕೆಯ ಕಾಲದಲ್ಲಿ ಒಕ್ಕಲುಗಳೆಲ್ಲ ಸೇರಿ ತೋಡು ಕೆರೆಯಬೇಕು, ಮಳೆ ಬಿಟ್ಟ ಮೇಲೆ ಮಣ್ಣು, ಮರ, ಸೊಪ್ಪಿನ ಕಟ್ಟ ಕಟ್ಟಬೇಕು. ಅದರಲ್ಲಿ ಬಿಟ್ಟಿಯ ದುಡಿಮೆಯೂ ಇತ್ತು, ದರ್ಪವೂ ಇತ್ತು. ಆ ಕಾಲ ಮರಳಿ ಬರಲಿ ಎಂದು ಯಾರೂ ಹೇಳಬಾರದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗದ್ದೆಗೆ ಒಡೆಯ ಸಿಕ್ಕಿದ, ತೋಡಿಗೆ ಸಿಗಲಿಲ್ಲ.

ಕಟ್ಟದ ಜಾಗದಲ್ಲಿ ಈಗ ಹಲವೆಡೆ ಕಿಂಡಿ ಅಣೆಕಟ್ಟುಗಳಿವೆ. ಬೇಸಗೆಗೆ ಒಳ್ಳೆಯದೇ. ಆದರೆ ಮಳೆಗೆ ಮೊದಲು ಹಲಗೆ ತೆಗೆಯದಿದ್ದರೆ ತೇಲಿಬಂದ ಮರ, ಕಸ ಕಿಂಡಿಗೆ ಸಿಕ್ಕಿ, ನೀರು ಬದಿಯ ಗದ್ದೆಯನ್ನೇ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಬೈಲಿಗೆ ಅಡ್ಡಲಾಗಿ ಏರಿಸುವ ರಸ್ತೆಗಳದ್ದೂ ಇದೇ ಕತೆ: ಬೇಸಗೆಯ ತೋಡು ನೋಡಿ ಮೋರಿ ಇಟ್ಟರೆ ಜುಲೈಯಲ್ಲಿ ರಸ್ತೆಯೇ ಕಟ್ಟವಾಗುತ್ತದೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ಚತುಷ್ಪಥದಂಥ ದೊಡ್ಡ ಕಾಮಗಾರಿಗೂ ಊರವರು ಮೊದಲು ಕೇಳಬೇಕಾದ್ದು ಮೋರಿಯ ಅಗಲವನ್ನು.

ಪಕ್ಕದ ಕೇರಳ ಗದ್ದೆ ತುಂಬಿಸುವುದನ್ನು ತಡೆಯಲು 2008ರಲ್ಲಿ ಕಾಯ್ದೆ ಮಾಡಿತು. 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡತೊಡಗಿತು. ಎಕರೆಗೆ 800 ರೂಪಾಯಿ ಆಯಿತು. ಒಂದು ಆಳಿನ ದಿನಗೂಲಿಯ ಆಸುಪಾಸು. ಮೊತ್ತ ಚಿಲ್ಲರೆಯದೇ. ಆದರೂ ಗದ್ದೆ ಇಟ್ಟುಕೊಂಡವನು ಕೆಳಗಿನೂರಿಗೆ ಉಪಕಾರ ಮಾಡುತ್ತಿದ್ದಾನೆಂದು ಒಂದು ಸರಕಾರ ಒಪ್ಪಿತಲ್ಲ! ನಾವೂ ಅದನ್ನು ಕೇಳಬೇಕು, ಇನ್ನೂ ಹೆಚ್ಚಿಗೆ ಕೇಳಬೇಕು.

ಅದು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಇದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ದಿನವನ್ನು ಮರೆಯುವವರು ನಮ್ಮಲ್ಲಿಲ್ಲ. ಕಿಂಡಿಯ ಹಲಗೆ ತೆಗೆಯಲೂ ಅದೇ ದಿನ ಗೊತ್ತಾಗಲಿ. ಹಲಗೆ ಯಾರ ಕೊಟ್ಟಿಗೆಯಲ್ಲಿ ಇರಬೇಕು, ತೋಡಿನ ಯಾವ ತುಂಡನ್ನು ಯಾವ ಮನೆಯವರು ಕೆರೆಯಬೇಕು, ಅಡಿಕೆ ತೋಟದವರು ಎಷ್ಟು ಪಾಲು ಹಾಕಬೇಕು ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಬರೆಸಿ, ಓದಿ ಹೇಳಿಸಿ, ಸಹಿ ಹಾಕಿಸಿಕೊಳ್ಳಿ.